ಮುಚ್ಚಿದರೂ ತೆರೆದುಕೊಳ್ಳುವ ಸ್ಲೈಡಿಂಗ್ ಬಾಗಿಲು: ಚಿಲಕಕ್ಕಿಂತ ಮೊದಲು ರಸಮಟ್ಟ

ಹಾಸನ, ಚಿಕ್ಕಮಗಳೂರು ಕಡೆ ಮೂವತ್ತು ನಲವತ್ತರ ಸೈಟಿನಲ್ಲಿ ಮನೆ ಕಟ್ಟಿಸುವವರು ಈಗ ಒಂದೆರಡು ಬಾಗಿಲನ್ನಾದರೂ ಸ್ಲೈಡಿಂಗ್ ಮಾಡಿಸುತ್ತಾರೆ. ಅಡುಗೆಮನೆಗೂ ಹಾಲ್‌ಗೂ ನಡುವೆ, ದೇವರಮನೆಗೆ, ಬೆಡ್‌ರೂಮಿನ ಬಾತ್‌ರೂಮಿಗೆ. ಬಾಗಿಲು ಬೀಸಿಕೊಳ್ಳಲು ಜಾಗ ಬಿಡಬೇಕಿಲ್ಲ ಎನ್ನುವುದೇ ದೊಡ್ಡ ಅನುಕೂಲ. ಹಾಕಿಸಿ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಕೇಳಿಬರುವ ದೂರು ಮಾತ್ರ ಹೆಚ್ಚುಕಡಿಮೆ ಎಲ್ಲರದ್ದೂ ಒಂದೇ: ಮುಚ್ಚಿದ ಬಾಗಿಲು ಮುಚ್ಚಿಕೊಂಡು ನಿಲ್ಲುವುದಿಲ್ಲ. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ನಾಲ್ಕು ಬೆರಳು ತಾನಾಗಿ ಹಿಂದೆ ಸರಿದಿರುತ್ತದೆ.

ಇದಕ್ಕೆ ಬಹಳ ಜನ ಮೊದಲು ಮಾಡುವುದು ಒಂದು ಚಿಲಕ ಜಡಿಯುವುದು. ನನ್ನ ಪ್ರಕಾರ ಅದು ಕೊನೆಗೆ ಮಾಡಬೇಕಾದ ಕೆಲಸ. ಬಾಗಿಲು ಮುಚ್ಚಿ ನಿಲ್ಲಬೇಕಾದರೆ ಎರಡು ಬೇರೆ ಬೇರೆ ಸಂಗತಿ ಸರಿಯಿರಬೇಕು. ಟ್ರ್ಯಾಕ್ ಮಟ್ಟವಾಗಿರಬೇಕು, ಮುಚ್ಚಿದ ತುದಿಯಲ್ಲಿ ಬಾಗಿಲನ್ನು ಹಿಡಿದುಕೊಳ್ಳಲು ಏನಾದರೊಂದು ಇರಬೇಕು. ಮೊದಲನೆಯದು ಕೆಟ್ಟಿರುವಾಗ ಎರಡನೆಯದರಿಂದ ಸರಿದೂಗಿಸಲು ಹೋದರೆ ಚಿಲಕದ ಸ್ಕ್ರೂ ಸಡಿಲವಾಗುತ್ತದೆ. ಅರ್ಧ ತೆರೆದಿಟ್ಟ ಬಾಗಿಲು ತಾನಾಗಿ ಓಡಿ ಮಗುವಿನ ಬೆರಳನ್ನು ಜಜ್ಜುತ್ತದೆ. ಮೂಲ ದೋಷ ಹಾಗೇ ಉಳಿಯುತ್ತದೆ.

ದೋಷ ಎಲ್ಲಿದೆ ಎಂದು ಪತ್ತೆ ಹಚ್ಚುವುದು

ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ. ಬಾಗಿಲನ್ನು ಪೂರ್ತಿ ಮುಚ್ಚಿದ ಜಾಗದಲ್ಲಿ, ಅರ್ಧದಲ್ಲಿ, ಪೂರ್ತಿ ತೆರೆದ ಜಾಗದಲ್ಲಿ ಒಂದೊಂದು ಸಲ ನಿಲ್ಲಿಸಿ ಕೈ ಬಿಡಿ. ಬಿಡುವಾಗ ನೂಕಬಾರದು. ಆಮೇಲೆ ಅಂಗೈಯಿಂದ ಬಾಗಿಲನ್ನು ಮೆಲ್ಲಗೆ ತಟ್ಟಿ. ಈ ತಟ್ಟುವುದನ್ನು ಬಿಡಬೇಡಿ: ನಿಂತ ಗಾಲಿ ಕದಲಲು ಬೇಕಾದ ಬಲ, ಉರುಳುತ್ತಿರುವ ಗಾಲಿಗೆ ಬೇಕಾದ ಬಲಕ್ಕಿಂತ ಹೆಚ್ಚು. ಮನೆಯಲ್ಲಿ ಯಾರೋ ಇನ್ನೊಂದು ಬಾಗಿಲು ದಡ್ಡನೆ ಹಾಕಿದಾಗಲೋ, ರಸ್ತೆಯಲ್ಲಿ ಲಾರಿ ಹೋದಾಗಲೋ ಆಗುವ ನಡುಕ ಈ ತಟ್ಟುವಿಕೆಯ ಕೆಲಸವನ್ನೇ ಮಾಡುತ್ತದೆ. ಮುಚ್ಚಿದಾಗ ಸರಿಯಾಗಿ ನಿಂತಿದ್ದ ಬಾಗಿಲು ಅರ್ಧ ಗಂಟೆ ಬಿಟ್ಟು ತೆರೆದಿರುವುದಕ್ಕೆ ಕಾರಣ ಇದು.

ಎಲ್ಲಿ ಬಿಟ್ಟರೂ ಬಾಗಿಲು ಒಂದೇ ತುದಿಯ ಕಡೆಗೆ ಉರುಳಿ, ಆ ತುದಿಯಲ್ಲಿ ಬಿಟ್ಟಾಗ ಮಾತ್ರ ನಿಂತರೆ ಟ್ರ್ಯಾಕ್ ಆ ಕಡೆಗೆ ಇಳಿದಿದೆ. ಎಲ್ಲಿ ಬಿಟ್ಟರೂ ನಡುವಿಗೆ ಬಂದು ನಿಂತರೆ ಟ್ರ್ಯಾಕ್ ಮಧ್ಯದಲ್ಲಿ ಜೋತಿದೆ. ಅರ್ಧದಲ್ಲಿ ಕಲ್ಲಿನಂತೆ ನಿಂತು, ಪೂರ್ತಿ ಮುಚ್ಚಿದಾಗ ಮಾತ್ರ ಒಂದೆರಡು ಸೆಂಟಿಮೀಟರ್ ಹಿಂದೆ ಸರಿದರೆ ಟ್ರ್ಯಾಕಿನ ತಪ್ಪಲ್ಲ, ಮುಚ್ಚುವ ತುದಿಯಲ್ಲಿ ಯಾವುದೋ ಒಂದು ಬಾಗಿಲನ್ನು ವಾಪಸ್ ತಳ್ಳುತ್ತಿದೆ. ಮೆಲ್ಲಗೆ ಮುಚ್ಚಿದರೆ ನಿಂತು, ಜೋರಾಗಿ ಮುಚ್ಚಿದರೆ ಮಾತ್ರ ಹಿಂದೆ ಬಂದರೆ ಟ್ರ್ಯಾಕಿನ ತುದಿಯಲ್ಲಿ ಬಾಗಿಲನ್ನು ತಡೆಯುವ ಸ್ಟಾಪರ್‌ಗೆ ಬಡಿದು ಪುಟಿಯುತ್ತಿದೆ. ಐದು ನಿಮಿಷದ ಈ ಪರೀಕ್ಷೆ ಮಾಡದೆ ಹಾರ್ಡ್‌ವೇರ್ ಅಂಗಡಿಗೆ ಹೋಗಬಾರದು. ಹೋದರೆ ಅಂಗಡಿಯವರು ಹೊಸ ರೋಲರ್ ಸೆಟ್ ಕೊಡುತ್ತಾರೆ, ಹಾಕಿದ ಮೇಲೆ ಬಾಗಿಲು ಮೊದಲಿಗಿಂತ ಬೇಗ ಓಡುತ್ತದೆ.

ಹೊಸ ರೋಲರ್ ಹಾಕಿದರೆ ಹೆಚ್ಚಾಗುವುದೇಕೆ? ಸವೆದ, ಧೂಳು ತುಂಬಿದ ಗಾಲಿ ಅಷ್ಟು ದಿನ ಬ್ರೇಕಿನ ಕೆಲಸ ಮಾಡುತ್ತಿತ್ತು. ಬೇರಿಂಗ್ ಇರುವ ಹೊಸ ನೈಲಾನ್ ಗಾಲಿ ಬಂದ ಕೂಡಲೇ ಟ್ರ್ಯಾಕಿನಲ್ಲಿ ಮೊದಲಿಂದಲೂ ಇದ್ದ ಇಳಿಜಾರು ಬಯಲಿಗೆ ಬರುತ್ತದೆ.

ಎಷ್ಟು ಇಳಿಜಾರಿದ್ದರೆ ಬಾಗಿಲು ಓಡುತ್ತದೆ

ಬಾಗಿಲಿನ ತೂಕವನ್ನು ಇಳಿಜಾರಿನಿಂದ ಗುಣಿಸಿದರೆ ಬಾಗಿಲನ್ನು ಎಳೆಯುವ ಬಲ ಸಿಗುತ್ತದೆ. 7 ಅಡಿ ಎತ್ತರ, 3 ಅಡಿ ಅಗಲ, 30 ಮಿ.ಮೀ. ದಪ್ಪದ ಫ್ಲಶ್ ಬಾಗಿಲು ಸುಮಾರು 35 ಕೆ.ಜಿ. ತೂಗುತ್ತದೆ. ಟ್ರ್ಯಾಕ್ ಒಂದು ಮೀಟರಿಗೆ 5 ಮಿ.ಮೀ. ಇಳಿದಿದ್ದರೆ, 35 ಸಾವಿರ ಗ್ರಾಂನಲ್ಲಿ ಸಾವಿರಕ್ಕೆ ಐದರಂತೆ 175 ಗ್ರಾಂ ಬಲ ಸದಾ ಎಳೆಯುತ್ತಲೇ ಇರುತ್ತದೆ. ಅದೇ ಅಳತೆಯ 10 ಮಿ.ಮೀ. ಟಫನ್ಡ್ ಗಾಜಿನ ಬಾಗಿಲು ಹತ್ತಿರ ಹತ್ತಿರ 49 ಕೆ.ಜಿ. (ಗಾಜು ಚದರ ಮೀಟರಿಗೆ, ಪ್ರತಿ ಮಿ.ಮೀ. ದಪ್ಪಕ್ಕೆ 2.5 ಕೆ.ಜಿ.). ಅದನ್ನು 245 ಗ್ರಾಂ ಎಳೆಯುತ್ತದೆ. ಒಳ್ಳೆಯ ಬೇರಿಂಗ್ ಗಾಲಿ ಉರುಳಲು ಇಷ್ಟು ಸಾಕು. ಸಾಮಾನ್ಯವಾಗಿ ಮೀಟರಿಗೆ 2 ಮಿ.ಮೀ. ಒಳಗಿದ್ದರೆ ಬಾಗಿಲು ನಿಲ್ಲುತ್ತದೆ. 4-5 ಮಿ.ಮೀ. ಆದರೆ ಓಡುತ್ತದೆ.

ಆದ್ದರಿಂದ ನನ್ನ ಗೆರೆ 2 ಮಿ.ಮೀ.ಗೆ. ಅದರೊಳಗಿದ್ದರೆ ಟ್ರ್ಯಾಕ್ ಬಿಚ್ಚಬೇಡಿ, ಹಿಡಿಯುವ ವ್ಯವಸ್ಥೆಯನ್ನಷ್ಟೇ ಮಾಡಿ. ಮೀರಿದ್ದರೆ ಬಿಚ್ಚಲೇಬೇಕು.

ಕೆಲವರು ಟ್ರ್ಯಾಕನ್ನು ಬೇಕೆಂದೇ ಮುಚ್ಚುವ ಕಡೆಗೆ ಸ್ವಲ್ಪ ಇಳಿಸಿ ಕೂರಿಸುತ್ತಾರೆ, ಬಾಗಿಲು ತಾನಾಗಿ ಮುಚ್ಚಿಕೊಳ್ಳಲಿ ಎಂದು. ಮನೆಯೊಳಗಿನ ಬಾಗಿಲಿಗೆ ಇದು ಬೇಡವೇ ಬೇಡ. ಕೈಯಲ್ಲಿ ಪಾತ್ರೆ ಹಿಡಿದು ಅಡುಗೆಮನೆಯಿಂದ ಹೊರಬರುವಾಗ 35 ಕೆ.ಜಿ. ಬಾಗಿಲು ಬೆನ್ನ ಹಿಂದೆ ಓಡಿ ಬರುವುದು ಯಾರಿಗೂ ಹಿತವಲ್ಲ. ವಯಸ್ಸಾದವರಿರುವ ಮನೆಯಲ್ಲಂತೂ ಅಪಾಯ.

ಬೋಲ್ಟ್ ತಿರುಗಿಸಿದರೆ ಇಳಿಜಾರು ಹೋಗುವುದಿಲ್ಲ

ಮೇಲಿಂದ ನೇತಾಡುವ ಬಾಗಿಲಿಗೆ ಎರಡು ಹ್ಯಾಂಗರ್ (ಟ್ರ್ಯಾಕಿನಲ್ಲಿ ಉರುಳುವ ಗಾಲಿಯ ಜೋಡಣೆ) ಇರುತ್ತವೆ. ಒಂದೊಂದಕ್ಕೂ ಒಂದು ಬೋಲ್ಟ್, ಹೆಚ್ಚಾಗಿ ಎಂ8 ಅಥವಾ ಎಂ10 (8 ಅಥವಾ 10 ಮಿ.ಮೀ. ದಪ್ಪದ್ದು). ಬಾಗಿಲು ಓಡುತ್ತಿದೆ ಎಂದರೆ ಬಡಗಿಗಳು ಬಂದು ಒಂದು ಬೋಲ್ಟನ್ನು ಏರಿಸಿ ಇನ್ನೊಂದನ್ನು ಇಳಿಸಿ ಹೋಗುವುದನ್ನು ನೋಡಬಹುದು. ಬಾಗಿಲು ನೋಟಕ್ಕೆ ಸ್ವಲ್ಪ ವಾಲುತ್ತದೆ, ಆದರೆ ಓಡುವುದು ನಿಲ್ಲುವುದಿಲ್ಲ. ನಿಲ್ಲಲು ಸಾಧ್ಯವೂ ಇಲ್ಲ. ಗಾಲಿ ಉರುಳುವುದು ಟ್ರ್ಯಾಕಿನ ಮೇಲೆ. ಬಾಗಿಲು ನೆಟ್ಟಗೆ ನೇತಾಡಲಿ, ವಾಲಿ ನೇತಾಡಲಿ, ಅದರ ಭಾರವೆಲ್ಲ ಟ್ರ್ಯಾಕಿನ ಇಳಿಜಾರನ್ನೇ ಅನುಸರಿಸುತ್ತದೆ. ಹ್ಯಾಂಗರ್ ಬೋಲ್ಟ್ ಇರುವುದು ಬಾಗಿಲಿನ ಅಂಚನ್ನು ಚೌಕಟ್ಟಿಗೆ ಸಮಾನಾಂತರ ಮಾಡಲು ಮತ್ತು ನೆಲದಿಂದ ಬೇಕಾದಷ್ಟು ಎತ್ತರದಲ್ಲಿಡಲು. ಆ ಕೆಲಸಕ್ಕೆ ಅದು ಬಹಳ ಮುಖ್ಯ, ಮುಂದೆ ಹೇಳುತ್ತೇನೆ.

ಅಳೆಯುವುದು

ನೆಲದಿಂದ ಟ್ರ್ಯಾಕಿಗೆ ಟೇಪ್ ಹಿಡಿದು ಎರಡೂ ತುದಿ ಒಂದೇ ಎತ್ತರ ಇದೆ ಎಂದು ಸಮಾಧಾನ ಪಡುವುದು ದೊಡ್ಡ ತಪ್ಪು. ಬಾತ್‌ರೂಮು, ಅಡುಗೆಮನೆ, ಯುಟಿಲಿಟಿ ಕಡೆಯ ನೆಲಕ್ಕೆ ನೀರು ಹರಿಯಲಿ ಎಂದು ಇಳಿಜಾರು ಕೊಟ್ಟಿರುತ್ತಾರೆ. ಹಾಲಿನ ಟೈಲ್ಸೂ ಪೂರ್ತಿ ಮಟ್ಟ ಇರುವುದು ಅಪರೂಪ.

2 ಅಡಿ ಉದ್ದದ ರಸಮಟ್ಟ (ಸ್ಪಿರಿಟ್ ಲೆವೆಲ್) ಸಾಕು, 4 ಅಡಿಯದಿದ್ದರೆ ಇನ್ನೂ ಒಳ್ಳೆಯದು. ಮೊದಲು ರಸಮಟ್ಟವನ್ನೇ ಪರೀಕ್ಷಿಸಿ: ಒಂದು ಜಾಗದಲ್ಲಿಟ್ಟು ಗುಳ್ಳೆ ನೋಡಿ, ಅದೇ ಜಾಗದಲ್ಲಿ ಎಡತುದಿ ಬಲಕ್ಕೆ ಬರುವಂತೆ ತಿರುಗಿಸಿ ಇಟ್ಟು ಮತ್ತೆ ನೋಡಿ. ಎರಡು ಸಲವೂ ಗುಳ್ಳೆ ಕೋಣೆಯ ಒಂದೇ ಕಡೆಗೆ, ಅಷ್ಟೇ ದೂರ ನಿಂತರೆ ರಸಮಟ್ಟ ಸರಿಯಿದೆ. ಆಮೇಲೆ ಟ್ರ್ಯಾಕಿನ ತಳಕ್ಕೆ ಒತ್ತಿ ಹಿಡಿದು, ಗುಳ್ಳೆ ನಡುವಿಗೆ ಬರುವವರೆಗೆ ಎತ್ತರದ ತುದಿಯಲ್ಲಿ ರಸಮಟ್ಟಕ್ಕೂ ಟ್ರ್ಯಾಕಿಗೂ ನಡುವೆ ಸನ್‌ಮೈಕಾ ಚೂರುಗಳನ್ನು ಸೇರಿಸಿ. ಒಂದು ಚೂರು ಸುಮಾರು 1 ಮಿ.ಮೀ. 600 ಮಿ.ಮೀ. ರಸಮಟ್ಟಕ್ಕೆ ಎರಡು ಚೂರು ಹಿಡಿಸಿದರೆ ಮೀಟರಿಗೆ 3.3 ಮಿ.ಮೀ. ಇಳಿಜಾರು ಎಂದಾಯಿತು. ಎರಡೂ ತುದಿಯಲ್ಲಿ, ನಡುವಿನಲ್ಲಿ ಹೀಗೆ ಮೂರು ಕಡೆ ಅಳೆದು ಗೋಡೆಯ ಮೇಲೆ ಪೆನ್ಸಿಲ್‌ನಲ್ಲಿ ಬರೆದುಕೊಳ್ಳಿ.

ಆರಡಿಗಿಂತ ಉದ್ದದ ಟ್ರ್ಯಾಕಿಗೆ ಗಾರೆಯವರು ಬಳಸುವ ನೀರಿನ ಲೆವೆಲ್ ಪೈಪನ್ನೇ ನಾನು ಹೆಚ್ಚು ನಂಬುತ್ತೇನೆ. 8 ಅಥವಾ 10 ಮಿ.ಮೀ.ನ ಪಾರದರ್ಶಕ ಪೈಪು, ಒಳಗೆ ಗಾಳಿಗುಳ್ಳೆ ಇಲ್ಲದ ಹಾಗೆ ನೀರು. ಎರಡೂ ತುದಿಯಲ್ಲಿ ನೀರು ನಿಂತ ಮಟ್ಟಕ್ಕೆ ಗುರುತು ಹಾಕಿ, ಅಲ್ಲಿಂದ ಟ್ರ್ಯಾಕಿಗೆ ಅಳತೆ ತೆಗೆದರೆ ಮುಗಿಯಿತು. ಟ್ರ್ಯಾಕ್ ನಡುವೆ ಜೋತಿದೆಯೇ ಎಂದು ನೋಡಲು ತುದಿಯಿಂದ ತುದಿಗೆ ನೂಲು ಬಿಗಿದು ಕಟ್ಟಿ ನೋಡಿ.

ಟ್ರ್ಯಾಕ್ ಮಟ್ಟ ಮಾಡುವುದು

ಇಬ್ಬರು ಬೇಕು. ಕೆಳಗಿನ ಗೈಡ್ (ಬಾಗಿಲ ತಳ ಆಚೀಚೆ ಆಡದಂತೆ ನೆಲಕ್ಕೆ ಕೂರಿಸಿದ ತುಂಡು) ಬಿಚ್ಚಿ, ಮೇಲಿನ ಪೆಲ್ಮೆಟ್ ಅಥವಾ ಕವರ್ ಪಟ್ಟಿ ತೆಗೆದು, ಒಬ್ಬರು ಬಾಗಿಲನ್ನು ಹಿಡಿದುಕೊಂಡಿರುವಾಗ ಇನ್ನೊಬ್ಬರು ಹ್ಯಾಂಗರ್‌ನ ಲಾಕ್ ನಟ್ ಸಡಿಲಿಸಿ ಬೋಲ್ಟನ್ನು ಬಾಗಿಲ ಮೇಲಿನ ಪ್ಲೇಟಿನಿಂದ ಜಾರಿಸಿ ತೆಗೆಯಬೇಕು. ಬೋಲ್ಟಿನಲ್ಲಿ ನಟ್ ಎಲ್ಲಿತ್ತು ಎಂದು ಮಾರ್ಕರ್‌ನಲ್ಲಿ ಗುರುತು ಮಾಡಿಕೊಂಡರೆ ವಾಪಸ್ ಕೂರಿಸುವಾಗ ಅರ್ಧ ಕೆಲಸ ಉಳಿಯುತ್ತದೆ. ಬಾಗಿಲನ್ನು ಮಡಿಸಿದ ಚೀಲದ ಮೇಲೆ ಗೋಡೆಗೆ ಒರಗಿಸಿಡಿ, ಮೂಲೆಯ ಮೇಲೆ ನಿಲ್ಲಿಸಬೇಡಿ.

ಟ್ರ್ಯಾಕ್ ಲಿಂಟಲ್‌ನ ತಳಕ್ಕೆ ನೇರವಾಗಿ ಬಡಿದಿದ್ದರೆ, ಕೆಳಗಿಳಿದ ತುದಿಯನ್ನು ಮೇಲೆತ್ತಲು ಆಗುವುದಿಲ್ಲ. ಅದು ಆಗಲೇ ಕಾಂಕ್ರೀಟಿಗೆ ಒತ್ತಿ ಕೂತಿದೆ. ಎತ್ತರದ ತುದಿಯನ್ನೇ ಪ್ಯಾಕಿಂಗ್ ಕೊಟ್ಟು ಇಳಿಸಬೇಕು. 3 ಅಡಿ ಬಾಗಿಲಿಗೆ ಟ್ರ್ಯಾಕ್ 6 ಅಡಿ, ಅಂದರೆ ಸುಮಾರು 1800 ಮಿ.ಮೀ. ಸ್ಕ್ರೂಗಳು 300 ಮಿ.ಮೀ.ಗೆ ಒಂದರಂತೆ ಏಳು. ಒಟ್ಟು ವ್ಯತ್ಯಾಸ 6 ಮಿ.ಮೀ. ಇದೆ ಎಂದುಕೊಳ್ಳಿ. ಎತ್ತರದ ತುದಿಯ ಸ್ಕ್ರೂ ಹತ್ತಿರ ಆರು ಸನ್‌ಮೈಕಾ ಚೂರು, ಮುಂದಿನದಕ್ಕೆ ಐದು, ಆಮೇಲೆ ನಾಲ್ಕು, ಮೂರು, ಎರಡು, ಒಂದು, ಕೊನೆಯದಕ್ಕೆ ಏನೂ ಇಲ್ಲ. ತುದಿಗೆ ಮಾತ್ರ ಆರು ಚೂರು ಕೊಟ್ಟು ನಡುವಿನ ಸ್ಕ್ರೂಗಳನ್ನು ಹಾಗೇ ಬಿಗಿದರೆ ಅಲ್ಯೂಮಿನಿಯಂ ಟ್ರ್ಯಾಕ್ ಬಾಗುತ್ತದೆ, ಆಗ ಬಾಗಿಲು ಬೇರೆಯದೇ ಜಾಗದಲ್ಲಿ ಓಡಲು ಶುರು ಮಾಡುತ್ತದೆ. ಚೂರುಗಳನ್ನು ಸ್ಕ್ರೂ ಸುತ್ತ ಕೂರುವಂತೆ ಒಂದು ಕಡೆ ಸೀಳು ಕೊಟ್ಟು ಕತ್ತರಿಸಿಕೊಂಡರೆ ಜಾರಿ ಬೀಳುವುದಿಲ್ಲ. ರಟ್ಟಿನ ತುಂಡು, ಮಡಿಸಿದ ಕಾಗದ ಪ್ಯಾಕಿಂಗಿಗೆ ಬೇಡ. ಮಲೆನಾಡಿನ ಥಂಡಿ ಹೀರಿ ಮೆತ್ತಗಾಗಿ ಮಳೆಗಾಲ ಮುಗಿಯುವಷ್ಟರಲ್ಲಿ ಕುಗ್ಗಿರುತ್ತದೆ.

ಟ್ರ್ಯಾಕ್ ಇಳಿದಷ್ಟೂ ಬಾಗಿಲೂ ಇಳಿಯುತ್ತದೆ. ವಾಪಸ್ ತೂಗುಹಾಕಿದ ಮೇಲೆ ನೆಲದಿಂದ 6ರಿಂದ 10 ಮಿ.ಮೀ. ಸಂದು ಇರುವಂತೆ ಹ್ಯಾಂಗರ್ ಬೋಲ್ಟನ್ನು ಸರಿಪಡಿಸಿಕೊಳ್ಳಿ.

ಗೋಡೆಗೆ ಮರದ ಪಟ್ಟಿ ಹೊಡೆದು ಅದಕ್ಕೆ ಟ್ರ್ಯಾಕ್ ಕೂರಿಸಿದ್ದರೆ ಕಥೆಯೇ ಬೇರೆ. ಇಲ್ಲಿ ಒಂದು ತುದಿ ಇಳಿಯಲು ಮುಖ್ಯ ಕಾರಣ ಸ್ಕ್ರೂವಿನ ಉದ್ದ. ಪಟ್ಟಿ 25 ಮಿ.ಮೀ. ದಪ್ಪ, ಪ್ಲಾಸ್ಟರ್ 15 ಮಿ.ಮೀ. 2 ಇಂಚಿನ ಸ್ಕ್ರೂ ಹೊಡೆದರೆ ಇಟ್ಟಿಗೆಯೊಳಗೆ ಹೋಗುವುದು ಬರೀ 10 ಮಿ.ಮೀ. ಬಾಗಿಲಿನ ಭಾರ ಪೂರ್ತಿ ಪ್ಲಾಸ್ಟರ್ ಹೊತ್ತಿರುತ್ತದೆ. ದಿನಕ್ಕೆ ಹತ್ತಾರು ಸಲ ಬಾಗಿಲು ಹೋಗಿ ಬಂದು, ತೆರೆದಾಗ ಬಾಗಿಲು ನಿಲ್ಲುವ ಕಡೆಯ ಪ್ಲಗ್‌ಗಳು (ಸ್ಕ್ರೂ ಹಿಡಿಯಲು ಗೋಡೆಯ ತೂತಿನೊಳಗೆ ಕೂರಿಸುವ ಕೊಳವೆಗಳು) ಮೊದಲು ಸಡಿಲಾಗುತ್ತವೆ. ಆ ತುದಿ ಕೆಲವು ಮಿ.ಮೀ. ಇಳಿಯುತ್ತದೆ. ಅಂದಿನಿಂದ ಬಾಗಿಲು ತೆರೆದುಕೊಳ್ಳಲು ಶುರು. ಪಟ್ಟಿ ಮತ್ತು ಗೋಡೆಯ ನಡುವೆ ಕೂದಲೆಳೆಯಷ್ಟು ಸಂದು ಕಂಡರೆ ಇದೇ ಎಂದು ತಿಳಿಯಿರಿ. ಇಟ್ಟಿಗೆಯೊಳಗೆ 35-40 ಮಿ.ಮೀ. ಆದರೂ ಇಳಿಯಬೇಕು, ಅಂದರೆ 3 ಇಂಚಿನ ಸ್ಕ್ರೂ, ಅದಕ್ಕೆ ತಕ್ಕ ಪ್ಲಗ್. ಹಳೆಯ ತೂತಿಗೇ ದಪ್ಪ ಪ್ಲಗ್ ತುರುಕುವ ಬದಲು 50 ಮಿ.ಮೀ. ಪಕ್ಕಕ್ಕೆ ಹೊಸ ತೂತು ಕೊರೆಯಿರಿ. ತೂತು ಇಟ್ಟಿಗೆಯ ಸಂದಿನ ಗಾರೆಗೆ ಬಿದ್ದರೆ ಪ್ಲಗ್ ಹಿಡಿಯುವುದಿಲ್ಲ. ಡ್ರಿಲ್ ಬಿಟ್‌ಗೆ ಕೆಂಪು ಪುಡಿ ಬರುವ ಬದಲು ಬೂದು ಮರಳು ಬಂದರೆ ಜಾಗ ಬದಲಿಸಿ.

ಹಳೆಯ ತೊಟ್ಟಿಮನೆ, ಎಸ್ಟೇಟ್ ಮನೆಗಳ ಮಣ್ಣಿನ ಗೋಡೆಗೆ ಯಾವ ಪ್ಲಗ್ಗೂ ಲಾಯಕ್ಕಲ್ಲ. ಅಲ್ಲಿ ಪಟ್ಟಿಯನ್ನು ಮೇಲಿನ ಮರದ ತೊಲೆಗೆ ನೇತುಹಾಕಬೇಕು, ಇಲ್ಲವೇ ಎರಡು ಕಡೆ ನೆಲಕ್ಕೆ ನಿಲ್ಲುವ ಕಂಬ ಕೊಟ್ಟು ಚೌಕಟ್ಟು ಮಾಡಿ ಭಾರವನ್ನು ನೆಲಕ್ಕೆ ಇಳಿಸಬೇಕು.

ಮಳೆಗಾಲದಲ್ಲಿ ಮಾತ್ರ ಕೆಡುವ ಬಾಗಿಲು

ಅರಸೀಕೆರೆ, ಕಡೂರಿನ ಒಣ ಹವೆಯಲ್ಲಿ ಚೆನ್ನಾಗಿರುವ ಬಾಗಿಲು ಸಕಲೇಶಪುರ, ಮೂಡಿಗೆರೆಯಲ್ಲಿ ಆರಿದ್ರ ಮಳೆ ಹಿಡಿದ ಮೇಲೆ ಬೇರೆಯದೇ ಬಾಗಿಲಾಗುತ್ತದೆ. ಮರ ಉದ್ದಕ್ಕೆ ಹಿಗ್ಗುವುದಿಲ್ಲ ಎನ್ನಬಹುದು, ಅಗಲಕ್ಕೆ ಹಿಗ್ಗುತ್ತದೆ. 100 ಮಿ.ಮೀ. ಅಗಲದ ತೇಗದ ಪಟ್ಟಿ ಬೇಸಿಗೆಗೂ ಮಳೆಗಾಲಕ್ಕೂ ನಡುವೆ ಸುಮಾರು ಒಂದು ಮಿ.ಮೀ. ವ್ಯತ್ಯಾಸ ತೋರಿಸುತ್ತದೆ. ಚೌಕಟ್ಟು ಮತ್ತು ಪ್ಯಾನಲ್ ಇರುವ ಬಾಗಿಲಿನಲ್ಲಿ ಎರಡು ಕಡೆಯ ಪಟ್ಟಿ ಮಾತ್ರ ಹಿಗ್ಗುವುದರಿಂದ ಒಟ್ಟು 2-3 ಮಿ.ಮೀ. ಬರೀ ಹಲಗೆಗಳನ್ನು ಅಂಟಿಸಿ ಮಾಡಿದ ಬಾಗಿಲಾದರೆ ಅದರ ಮೂರು ನಾಲ್ಕು ಪಟ್ಟು. ತೋಟದಲ್ಲಿ ಕಡಿದ ಸಿಲ್ವರ್ ಓಕನ್ನು ಪೂರ್ತಿ ಒಣಗಿಸದೆ ಬಾಗಿಲು ಮಾಡಿಸಿದರೆ ಹಿಗ್ಗುವುದರ ಜೊತೆಗೆ ತಿರುಚಿಕೊಳ್ಳುತ್ತದೆ.

ತಿರುಚಿದೆಯೇ ಎಂದು ನೋಡಲು ಬಾಗಿಲಿನ ನಾಲ್ಕು ಮೂಲೆಗೆ ಅಡ್ಡಡ್ಡ ಎರಡು ನೂಲು ಕಟ್ಟಿ. ನಡುವೆ ಎರಡೂ ನೂಲು ಮುಟ್ಟಿಕೊಂಡರೆ ಬಾಗಿಲು ಚಪ್ಪಟೆ. ಸಂದು ಕಂಡರೆ, ಅಥವಾ ಒಂದನ್ನೊಂದು ಒತ್ತಿದರೆ, ತಿರುಚಿದೆ. ಅಂಥ ಬಾಗಿಲಿನ ತಳದ ಗಾಡಿ (ಉದ್ದಕ್ಕೆ ಕೊರೆದ ಸೀಳು) ಗೈಡ್‌ಗೆ ಒಂದು ಕಡೆಯಿಂದ ಉಜ್ಜುತ್ತದೆ. ಒತ್ತಿ ಮುಚ್ಚಿದಾಗ ಸ್ಪ್ರಿಂಗಿನ ಹಾಗೆ ಬಾಗಿ, ಕೈ ಬಿಟ್ಟ ಕೂಡಲೇ ವಾಪಸ್ ಸರಿಯುತ್ತದೆ.

ಇನ್ನೊಂದು ಜಾಗ ಎಲ್ಲರ ಕಣ್ಣಿಗೂ ತಪ್ಪುತ್ತದೆ: ಬಾಗಿಲಿನ ಮೇಲಂಚು, ಕೆಳಅಂಚು. ಪಾಲಿಶ್ ಹಾಕುವವರು ಮುಂದೆ ಹಿಂದೆ ಹೊಳಪು ಬರಿಸಿ ಈ ಎರಡು ಅಂಚನ್ನು ಬರಿದಾಗಿ ಬಿಡುತ್ತಾರೆ. ಹಸಿ ಒಳಹೋಗುವುದು ಅಲ್ಲಿಂದಲೇ. ಫೆಬ್ರವರಿಯಿಂದ ಏಪ್ರಿಲ್ ಒಳಗೆ, ಬಾಗಿಲು ಒಣಗಿರುವಾಗ ಬಿಚ್ಚಿ, ಆರೂ ಮುಖಕ್ಕೆ ಎರಡು ಕೋಟ್ ಪಿ.ಯು. (ಪಾಲಿಯುರೆಥೇನ್) ಅಥವಾ ಮೆಲಮೈನ್ ಪಾಲಿಶ್ ಹೊಡೆಯಿರಿ. ಮಳೆಗಾಲದಲ್ಲಿ ಹಿಡಿಯುತ್ತದೆ ಎಂದು ಆಗಲೇ ಅಂಚು ತೆಗೆದರೆ ಬೇಸಿಗೆಯಲ್ಲಿ ಬೆರಳು ತೂರುವಷ್ಟು ಸಂದು ಬೀಳುತ್ತದೆ.

ಮುಚ್ಚುವ ತುದಿಯ ತೊಂದರೆಗಳು

ಟ್ರ್ಯಾಕ್ ಮಟ್ಟವಿದ್ದೂ ಬಾಗಿಲು ಕೊನೆಯ ಒಂದಿಷ್ಟು ಮಾತ್ರ ಹಿಂದೆ ಬರುತ್ತಿದ್ದರೆ ಮೊದಲು ಅಂಚು ನೋಡಿ. ಮೇಲೆ ಚೌಕಟ್ಟಿಗೆ ತಾಗಿ ಕೆಳಗೆ ಸಂದು ಇದೆಯೇ? ಹ್ಯಾಂಗರ್ ಬೋಲ್ಟಿನ ಕೆಲಸ ಇಲ್ಲಿದೆ. ಎರಡು ಹ್ಯಾಂಗರ್ ನಡುವಿನ ಅಂತರ 700 ಮಿ.ಮೀ., ಬಾಗಿಲಿನ ಎತ್ತರ 2100 ಮಿ.ಮೀ. ಇದ್ದರೆ, ಒಂದು ಹ್ಯಾಂಗರ್‌ನಲ್ಲಿ 1 ಮಿ.ಮೀ. ಏರಿಸಿದರೆ ಕೆಳಗಿನ ಮೂಲೆ 3 ಮಿ.ಮೀ. ಸರಿಯುತ್ತದೆ. ಕೆಳಗೆ 6 ಮಿ.ಮೀ. ಸಂದಿದ್ದರೆ 2 ಮಿ.ಮೀ. ಏರಿಸಬೇಕು. ಎಂ8 ಬೋಲ್ಟಿನ ಒಂದು ಸುತ್ತಿಗೆ 1.25 ಮಿ.ಮೀ., ಆದ್ದರಿಂದ ಒಂದೂವರೆ ಸುತ್ತಿಗಿಂತ ತುಸು ಹೆಚ್ಚು. ಎಂ10 ಆದರೆ ಸುತ್ತಿಗೆ 1.5 ಮಿ.ಮೀ., ಒಂದು ಸುತ್ತು ಮತ್ತು ಮೂರನೇ ಒಂದು ಭಾಗ. ಸಂದು ಕೆಳಗಿದ್ದರೆ ಮುಚ್ಚುವ ಕಡೆಯ ಹ್ಯಾಂಗರನ್ನು ಏರಿಸಿ, ಸಂದು ಮೇಲಿದ್ದರೆ ಅದನ್ನೇ ಇಳಿಸಿ.

ಸ್ಟಾಪರ್ ಟ್ರ್ಯಾಕಿನೊಳಗೆ ತಪ್ಪು ಜಾಗದಲ್ಲಿ ಕೂತಿರುವುದು ಇನ್ನೊಂದು ಸಾಮಾನ್ಯ ದೋಷ. ಅದು ಬೇಗ ತಡೆದರೆ ಬಾಗಿಲು ಪೂರ್ತಿ ಮುಚ್ಚುವುದೇ ಇಲ್ಲ. ತೀರಾ ಆಚೆಗಿದ್ದರೆ ಬಾಗಿಲಿನ ಅಂಚು ಚೌಕಟ್ಟಿಗೆ ಬಡಿದು ಪುಟಿಯುತ್ತದೆ. ಬಾಗಿಲನ್ನು ಚೌಕಟ್ಟಿಗೆ ತಾಗಿಸಿ, 1 ಮಿ.ಮೀ. ಹಿಂದಕ್ಕೆಳೆದು, ಸ್ಟಾಪರನ್ನು ಹ್ಯಾಂಗರ್‌ಗೆ ಮುಟ್ಟಿಸಿ ಬಿಗಿಯಿರಿ. ರಬ್ಬರ್ ಗಟ್ಟಿಯಾಗಿದ್ದರೆ, ಉಗುರು ಒತ್ತಿದರೂ ತಗ್ಗದಿದ್ದರೆ, ಬದಲಿಸಿ.

ಧೂಳು, ಚಳಿಗಾಳಿ ಬಾರದಿರಲಿ ಎಂದು ಚೌಕಟ್ಟಿಗೆ ಅಂಟಿಸಿದ ದಪ್ಪ ಫೋಮ್ ಅಥವಾ ಟೊಳ್ಳು ರಬ್ಬರ್ ಪಟ್ಟಿಯೂ ಬಾಗಿಲನ್ನು ತಳ್ಳುತ್ತದೆ. ಅದನ್ನು ಕಿತ್ತು ಅಲ್ಯೂಮಿನಿಯಂ ಕಿಟಕಿಗೆ ಹಾಕುವ ಬ್ರಷ್ ಪಟ್ಟಿ ಅಂಟಿಸಿ. ಕೂದಲು ಬಾಗಿಕೊಂಡು ಸಂದು ಮುಚ್ಚುತ್ತದೆ, ವಾಪಸ್ ತಳ್ಳುವುದಿಲ್ಲ.

ನೆಲದ ಗೈಡ್ ಬಾಗಿಲ ತಳದ ಗಾಡಿಯಲ್ಲಿ ಎರಡೂ ಪಕ್ಕ 1ರಿಂದ 1.5 ಮಿ.ಮೀ. ಸಡಿಲ ಇರಬೇಕು. ಗಾಡಿಯೊಳಗೆ ಪಾಲಿಶ್ ಹೆಪ್ಪುಗಟ್ಟಿರುವುದುಂಟು, ಉಳಿಯಿಂದ ಕೆರೆದು ತೆಗೆಯಿರಿ. ಟ್ರ್ಯಾಕಿಗೆ ಕೊಬ್ಬರಿ ಎಣ್ಣೆ, ಗ್ರೀಸ್ ಹಚ್ಚಬೇಡಿ. ಧೂಳು ಅಂಟಿ ಗಾಲಿಯ ಸುತ್ತ ಗಟ್ಟಿ ಪದರ ಕಟ್ಟುತ್ತದೆ. ಟ್ರ್ಯಾಕಿಗೆ ಒಣ ಬ್ರಷ್ ಸಾಕು. ಗೈಡ್‌ಗೆ ಬೇಕಿದ್ದರೆ ಸ್ವಲ್ಪ ಸಿಲಿಕೋನ್ ಸ್ಪ್ರೇ.

ಸಾಫ್ಟ್ ಕ್ಲೋಸ್ ಇರುವ ಬಾಗಿಲು ಕೊನೆಯಲ್ಲಿ ತಾನಾಗಿ ಎಳೆದುಕೊಳ್ಳುವುದನ್ನು ನಿಲ್ಲಿಸಿದರೆ ಹಾಳಾಗಿದೆ ಎಂದೇ ತೀರ್ಮಾನಿಸಬೇಡಿ. ಬಾಗಿಲನ್ನು ಎತ್ತಿದಾಗಲೋ ಜೋರಾಗಿ ಎಳೆದಾಗಲೋ ಒಳಗಿನ ಕೊಕ್ಕೆ ಟ್ರ್ಯಾಕಿನ ಗೂಟಕ್ಕೆ ಸಿಕ್ಕಿಕೊಳ್ಳದೆಯೇ ಹಾರಿ ತುದಿಗೆ ಹೋಗಿ ಕೂತಿರುತ್ತದೆ. ಬಹಳಷ್ಟು ಮಾದರಿಗಳಲ್ಲಿ ಬಾಗಿಲನ್ನು ತುದಿಯವರೆಗೆ ಒಮ್ಮೆ ಗಟ್ಟಿಯಾಗಿ ಒತ್ತಿದರೆ ಕೊಕ್ಕೆ ಮತ್ತೆ ಸಿಕ್ಕಿಕೊಳ್ಳುತ್ತದೆ. ಇಲ್ಲದಿದ್ದರೆ ಸ್ಕ್ರೂ ಡ್ರೈವರ್ ತುದಿಯಿಂದ ಕೊಕ್ಕೆಯನ್ನು ಹಿಂದಕ್ಕೆಳೆದು ಕ್ಲಿಕ್ ಎನ್ನುವ ಜಾಗಕ್ಕೆ ಕೂರಿಸಿ. ಬೆರಳು ಹಾಕಬೇಡಿ, ಸ್ಪ್ರಿಂಗ್ ಹೊಡೆಯುತ್ತದೆ. ಆಮೇಲೂ ಹಿಡಿಯದಿದ್ದರೆ ಟ್ರ್ಯಾಕಿನಲ್ಲಿರುವ ಗೂಟ ಜಾಗ ಬಿಟ್ಟಿದೆಯೇ ನೋಡಿ.

ಈಗ ಹಿಡಿತ

ಮಟ್ಟವಾದ ಟ್ರ್ಯಾಕಿಗೆ ನಾನು ಮೊದಲು ಆರಿಸುವುದು ಸ್ಪ್ರಿಂಗ್ ಹಿಡಿತವಿರುವ ಸ್ಟಾಪರ್. ಟ್ರ್ಯಾಕಿನೊಳಗೇ ಅಡಗಿರುತ್ತದೆ, ಹ್ಯಾಂಗರ್ ಬಂದು ಅದರ ಕ್ಲಿಪ್ಪಿಗೆ ಸಿಕ್ಕಿಕೊಳ್ಳುತ್ತದೆ. ಹಿಡಿತ ಹೊಂದಿಸುವ ಸ್ಕ್ರೂ ಇರುವ ಮಾದರಿಯಾದರೆ ಅಲೆನ್ ಕೀಯಲ್ಲಿ ಒಂದೊಂದು ಸಲಕ್ಕೆ ಕಾಲು ಸುತ್ತು ಮಾತ್ರ ಬಿಗಿಯುತ್ತಾ ನೋಡಿ. ಕೊಳ್ಳುವಾಗ ಹಳೆಯ ಸ್ಟಾಪರನ್ನು, ಸಾಧ್ಯವಾದರೆ ಟ್ರ್ಯಾಕಿನ ತುಂಡನ್ನೂ ಕೈಯಲ್ಲಿ ಹಿಡಿದುಕೊಂಡು ಹೋಗಿ. ಹಾಸನದ ಬಿ.ಎಂ. ರಸ್ತೆಯಲ್ಲಾಗಲಿ ಚಿಕ್ಕಮಗಳೂರಿನ ಐ.ಜಿ. ರಸ್ತೆಯಲ್ಲಾಗಲಿ, ಒಂದು ಕಂಪನಿಯ ಟ್ರ್ಯಾಕಿನ ಒಳಗಲ ಇನ್ನೊಂದಕ್ಕೆ ಸರಿಹೋಗದು.

ಮ್ಯಾಗ್ನೆಟ್ ಎರಡನೆಯ ಆಯ್ಕೆ. ಎಳೆಯುವ ಬಲ ನೂರಿನ್ನೂರು ಗ್ರಾಂ ಎಂದು ಆಗಲೇ ನೋಡಿದೆವಲ್ಲ, ಆದ್ದರಿಂದ 3-4 ಕೆ.ಜಿ. ಹಿಡಿತದ್ದು ಧಾರಾಳ. ಹಿಡಿಕೆಯ ಎತ್ತರದಲ್ಲೇ ಹಾಕಿ, ತೆರೆಯುವಾಗ ಬಾಗಿಲು ನೇರವಾಗಿ ಬಿಡಿಸಿಕೊಳ್ಳುತ್ತದೆ. ಮ್ಯಾಗ್ನೆಟ್ಟಿಗೂ ಪ್ಲೇಟಿಗೂ ಸಂದು ಇರಬಾರದು. ಒಂದೆರಡು ಮಿ.ಮೀ. ದೂರವಾದರೂ ಹಿಡಿತ ಬಹುಪಾಲು ಹೋಗುತ್ತದೆ. ಮಳೆಗಾಲದಲ್ಲಿ ಮರ ಹಿಗ್ಗುವುದರಿಂದ ಪ್ಲೇಟನ್ನು ಒಂದೇ ಸ್ಕ್ರೂವಿನಲ್ಲಿ, ಸ್ವಲ್ಪ ಅಲುಗಾಡುವಂತೆ ಕೂರಿಸಿದರೆ ತಾನಾಗಿ ಹೊಂದಿಕೊಳ್ಳುತ್ತದೆ.

ಬೆಡ್‌ರೂಮು, ಬಾತ್‌ರೂಮಿಗೆ ಬೀಗ ಬೇಕೆಂದಾಗ ಮಾಮೂಲಿ ಬಾಗಿಲಿನ ಮಾರ್ಟೈಸ್ ಲಾಕ್ ತಂದು ಹಾಕಿಸುವವರಿದ್ದಾರೆ. ಅದರ ನಾಲಗೆ ನೇರ ಹೊರಬಂದು ನೇರ ಒಳಹೋಗುತ್ತದೆ, ಸ್ಲೈಡಿಂಗ್ ಬಾಗಿಲು ಸರಿಯುವುದೂ ಅದೇ ದಿಕ್ಕಿಗೆ. ಹಾಗಾಗಿ ಬೀಗ ಹಾಕಿದ್ದರೂ ಬಾಗಿಲು ಜಾರಿ ಬರುತ್ತದೆ. ಕೊಕ್ಕೆಯಂತೆ ಬಾಗಿದ ನಾಲಗೆಯ ಹುಕ್ ಲಾಕ್ ಕೇಳಿ ತನ್ನಿ. ಬಾತ್‌ರೂಮಿನದಾದರೆ ಹೊರಗಿಂದ ನಾಣ್ಯ ಹಾಕಿ ತಿರುಗಿಸಲು ಬರುವಂಥದ್ದು, ಒಳಗೆ ಯಾರಾದರೂ ಜಾರಿ ಬಿದ್ದರೆ ತೆರೆಯಬೇಕಲ್ಲ. ಅಲ್ಲಿ ಸ್ಕ್ರೂಗಳು ಸ್ಟೇನ್‌ಲೆಸ್ ಸ್ಟೀಲಿನವೇ ಇರಲಿ.

ದೇವರಮನೆಯ ಎರಡು ಕದದ ಬಾಗಿಲಿಗೆ ಒಂದು ಮಾತು. ಎರಡೂ ಕದ ನಡುವೆ ಸೇರುವಲ್ಲಿ ತಡೆ ಇಲ್ಲದಿದ್ದರೆ ಒಂದು ಕದ ಇನ್ನೊಂದನ್ನು ತಳ್ಳುತ್ತದೆ. ಟ್ರ್ಯಾಕಿನ ಮಧ್ಯಕ್ಕೆ ಎರಡೂ ಕಡೆಯಿಂದ ಹಿಡಿಯುವ ಸ್ಟಾಪರ್ ಹಾಕಿಸಿ, ಆಮೇಲೆ ಕದಗಳ ಅಂಚಿಗೆ ಮ್ಯಾಗ್ನೆಟ್ ಕೊಡಿ.

ವಾರ್ಡ್‌ರೋಬ್

ಇಲ್ಲಿ ಗಾಲಿ ಹೆಚ್ಚಾಗಿ ಕೆಳಗಿರುತ್ತದೆ, ಟ್ರ್ಯಾಕ್ ವಾರ್ಡ್‌ರೋಬಿನ ತಳದ ಹಲಗೆಯ ಮೇಲೆ. ಆದ್ದರಿಂದ ನೋಡಬೇಕಾದ್ದು ವಾರ್ಡ್‌ರೋಬ್ ನಿಂತ ಮಟ್ಟ. ಹೊರಗೋಡೆಗೆ ಒರಗಿ ನಿಂತಿದ್ದರೆ ಗೋಡೆಯ ಥಂಡಿಗೆ, ನೆಲ ಒರೆಸುವ ನೀರಿಗೆ ಒಂದು ಮೂಲೆಯ ಪ್ಲೈವುಡ್ ಅಥವಾ ಪಾರ್ಟಿಕಲ್ ಬೋರ್ಡ್ ಉಬ್ಬಿ ಟ್ರ್ಯಾಕಿನ ಆ ತುದಿಯನ್ನು ಎತ್ತುತ್ತದೆ. ಆ ಮೂಲೆಯಲ್ಲಿ ಬೂಷ್ಟಿನ ವಾಸನೆ ಬರುತ್ತಿದ್ದರೆ ಅನುಮಾನವೇ ಬೇಡ. ಪಾರ್ಟಿಕಲ್ ಬೋರ್ಡ್ ಒಮ್ಮೆ ಉಬ್ಬಿದರೆ ಇಳಿಯುವುದಿಲ್ಲ, ಆ ತುಂಡು ಬದಲಿಸಬೇಕು. ಹೊಸದಾಗಿ ಮಾಡಿಸುವವರು ತಳಕ್ಕೆ ಹೊಂದಿಸುವ ಪ್ಲಾಸ್ಟಿಕ್ ಕಾಲು ಕೊಡಿಸಿ, ಗೋಡೆಯಿಂದ 20-25 ಮಿ.ಮೀ. ದೂರ ನಿಲ್ಲಿಸಿ. ಗಾಲಿಯ ಪಕ್ಕದ ಚಿಕ್ಕ ಸ್ಕ್ರೂ ಇಲ್ಲಿಯೂ ಬಾಗಿಲಿನ ಅಂಚು ನೆಟ್ಟಗೆ ಮಾಡಲಷ್ಟೇ, ಓಡುವುದನ್ನು ನಿಲ್ಲಿಸಲು ಅಲ್ಲ.

ಎಲ್ಲ ಕೂರಿಸಿದ ಮೇಲೆ ಮೊದಲಿನ ಮೂರು ಜಾಗದ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ, ತಟ್ಟುವುದನ್ನೂ ಸೇರಿಸಿ. ಬಾಗಿಲು ನಿಂತಿತು ಎಂದಾದ ಮೇಲೆಯೇ ಹ್ಯಾಂಗರ್‌ನ ಲಾಕ್ ನಟ್‌ಗಳನ್ನು ಬಿಗಿಯಿರಿ. ಬೋಲ್ಟನ್ನು ಒಂದು ಸ್ಪ್ಯಾನರ್‌ನಲ್ಲಿ ಅಲುಗದಂತೆ ಹಿಡಿದು, ಇನ್ನೊಂದರಲ್ಲಿ ನಟ್ ತಿರುಗಿಸಬೇಕು. ಬೋಲ್ಟ್ ಹಿಡಿಯದೆ ಬಿಗಿದರೆ ನಟ್ ಜೊತೆ ಅದೂ ಅರ್ಧ ಸುತ್ತು ತಿರುಗಿ, ಕೆಳಗಿನ ಅಂಚು ಮತ್ತೆ 2 ಮಿ.ಮೀ. ಸರಿಯುತ್ತದೆ. ಪೆಲ್ಮೆಟ್ಟನ್ನು ಮೊಳೆ ಹೊಡೆದು ಮುಚ್ಚಬೇಡಿ, ಸ್ಕ್ರೂ ಹಾಕಿ. ಪುಷ್ಯ ಮಳೆಯ ಹೊತ್ತಿಗೆ, ಮರ ಚೆನ್ನಾಗಿ ಹಿಗ್ಗಿರುವಾಗ, ಅದನ್ನು ತೆಗೆದು ನಟ್‌ಗಳನ್ನೂ ಮ್ಯಾಗ್ನೆಟ್ಟಿನ ಪ್ಲೇಟನ್ನೂ ಇನ್ನೊಮ್ಮೆ ನೋಡಬೇಕಾಗುತ್ತದೆ.